ಮೂರು ದಿನ ಮೇಲೇರಿದ ಹಲಗೆ



ವಿಡಿಯೊ ಗೇಮ್ ಕುರಿತು ಮಾತಾಡುತ್ತೇನೆ ಎಂದಾಗ ಈ ಉಪನ್ಯಾಸದ ಸಂಘಟಕರು ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಮೂವತ್ತು ನಲವತ್ತು ವರ್ಷಗಳ ಹಿಂದೆ ಒಂದು ಯಂತ್ರಕ್ಕೆಂದೇ ಬರೆದ ಆಟವನ್ನು ಇವತ್ತಿನ ಕಂಪ್ಯೂಟರಿಗೆ ತರುವುದು ಏಕೆ ಅಷ್ಟು ಕಷ್ಟ ಎಂಬುದು ನನ್ನ ವಿಷಯ. ಹೀಗೆ ತರುವುದನ್ನು ಪೋರ್ಟ್ ಮಾಡುವುದು ಅನ್ನುತ್ತಾರೆ. ನಾನೂ ಅದೇ ಮಾತು ಬಳಸುತ್ತೇನೆ.

ಒಂದು ಹಲಗೆಯಿಂದ ಶುರು ಮಾಡುತ್ತೇನೆ.

1996ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ನಿಂಟೆಂಡೊ 64’ ಎಂಬ ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರವನ್ನು, ಮಾರುಕಟ್ಟೆಗೆ ತಂದಿತು. ಅದರ ಜೊತೆಗೇ ಬಂದ ಆಟ ‘ಸೂಪರ್ ಮಾರಿಯೊ 64’. ಅದರಲ್ಲಿ ಬೆಂಕಿಯ ಕಡಲಿನ ಒಂದು ಘಟ್ಟವಿದೆ. ಕುದಿಯುವ ಲಾವಾದ ಮೇಲೆ ಕೆಲವು ಹಲಗೆಗಳು ತೊಟ್ಟಿಲಿನಂತೆ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿರುತ್ತವೆ. ಒಂದೊಂದು ಚಿತ್ರ ಮೂಡುವಾಗಲೂ ಪ್ರೋಗ್ರಾಮು ಹಲಗೆಯ ಹಿಂದಿನ ಎತ್ತರಕ್ಕೆ ಒಂದು ಸಣ್ಣ ಸಂಖ್ಯೆಯನ್ನು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಒಂದು ಸುತ್ತು ಮುಗಿದಾಗ ಕೂಡಿದ್ದೂ ಕಳೆದದ್ದೂ ಸರಿಹೋಗಿ ಹಲಗೆ ಮೊದಲಿನ ಜಾಗಕ್ಕೆ ಬರಬೇಕು. ನಿಂಟೆಂಡೊ 64ರಲ್ಲಿ ಬರುತ್ತದೆ ಕೂಡ.

ಹತ್ತು ವರ್ಷಗಳ ನಂತರ, 2006ರಲ್ಲಿ, ಇದೇ ಆಟ ನಿಂಟೆಂಡೊದ ‘ವೀ’ ಕನ್ಸೋಲಿಗೆ ಬಂತು. ಆಟದ ಕೋಡ್ ಅದೇ. ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಅದನ್ನು ಓಡಿಸುತ್ತಿತ್ತು. ಆಟಗಾರರು ಒಂದು ವಿಚಿತ್ರವನ್ನು ಗಮನಿಸಿದರು. ವೀ ಯಂತ್ರದಲ್ಲಿ ಆ ಹಲಗೆ ಪ್ರತಿ ಸುತ್ತಿಗೂ ಕಣ್ಣಿಗೆ ಕಾಣದಷ್ಟು ಮೇಲೆ ನಿಲ್ಲುತ್ತದೆ. ಯಂತ್ರವನ್ನು ಆರಿಸದೆ ಸುಮಾರು ಮೂರು ದಿನ ಹಾಗೇ ಬಿಟ್ಟರೆ, ಆಟದ ನಾಯಕ ಮಾರಿಯೊ ಹಾರದೆಯೇ ಮೇಲಿನ ದಾರಿ ಹಿಡಿಯುವಷ್ಟು ಎತ್ತರಕ್ಕೆ ಅದು ಹೋಗಿರುತ್ತದೆ. ಹಾರುವ ಬಟನ್ನನ್ನು ಆದಷ್ಟು ಕಡಿಮೆ ಒತ್ತಿ ಇಡೀ ಆಟ ಮುಗಿಸಬೇಕೆಂಬ ವ್ರತ ಹಿಡಿದ ಆಟಗಾರರಿದ್ದಾರೆ. ಅವರಿಗೆ ಇದು ವರವಾಯಿತು.

ಕಾರಣ ತೀರ ಸಣ್ಣದು. ದೊಡ್ಡ ನಿಖರತೆಯ ದಶಮಾಂಶ ಸಂಖ್ಯೆಯನ್ನು ಸಣ್ಣ ನಿಖರತೆಗೆ ಇಳಿಸುವಾಗ ಬಾಲದ ಅಂಕಿಗಳನ್ನು ಬಿಡಬೇಕಾಗುತ್ತದೆ. ನಿಂಟೆಂಡೊ 64ರ ಪ್ರೊಸೆಸರ್ ಆ ಸಂಖ್ಯೆಯನ್ನು ಹತ್ತಿರದ ಬೆಲೆಗೆ ಸರಿ ಮಾಡುತ್ತಿತ್ತು. ವೀಯ ಎಮ್ಯುಲೇಟರ್ ಯಾವಾಗಲೂ ಸೊನ್ನೆಯ ಕಡೆಗೆ ಸರಿ ಮಾಡುತ್ತಿತ್ತು. ಅಂಗಡಿಯವರು ಪೈಸೆಗಳನ್ನು ಹತ್ತಿರದ ರೂಪಾಯಿಗೆ ಸರಿ ಮಾಡಿದರೆ ಒಮ್ಮೆ ನಮಗೆ ನಷ್ಟ, ಒಮ್ಮೆ ಅವರಿಗೆ. ವರ್ಷದ ಕೊನೆಗೆ ಲೆಕ್ಕ ಹೆಚ್ಚುಕಡಿಮೆ ಸಮ. ಪ್ರತಿ ಬಿಲ್ಲಿನಲ್ಲೂ ಪೈಸೆ ಬಿಡುತ್ತಾ ಹೋದರೆ ದೀಪಾವಳಿಯ ಹೊತ್ತಿಗೆ ಗಲ್ಲಾಪೆಟ್ಟಿಗೆಯಲ್ಲಿ ಕೊರತೆ ಎದ್ದು ಕಾಣುತ್ತದೆ. ಆ ಹಲಗೆ ಇರುವುದು ಸೊನ್ನೆಗಿಂತ ಕೆಳಗಿನ, ಅಂದರೆ ಋಣ ಸಂಖ್ಯೆಯ ಎತ್ತರದಲ್ಲಿ. ಅಲ್ಲಿಂದ ಸೊನ್ನೆಯ ಕಡೆಗೆ ಎಂದರೆ ಮೇಲಕ್ಕೆ. ಹಾಗಾಗಿ ಹಲಗೆ ಏರುತ್ತಲೇ ಹೋಯಿತು.

ವೀ ಕೂಡ ಕನ್ಸೋಲೇ, ಮೇಜಿನ ಮೇಲಿನ ಕಂಪ್ಯೂಟರಲ್ಲ. ಆದರೂ ಈ ಉದಾಹರಣೆಯನ್ನು ಮೊದಲಿಗೆ ಇಟ್ಟದ್ದು ಒಂದು ಕಾರಣಕ್ಕೆ. ಆಟದ ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೂ ಆಟ ಬೇರೆಯಾಯಿತು. ಹಲಗೆ ತನ್ನ ಜಾಗಕ್ಕೆ ಮರಳಬೇಕು ಎಂಬ ಮಾತು ಕೋಡಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದನ್ನು ಪಾಲಿಸುತ್ತಿದ್ದದ್ದು ಯಂತ್ರದ ಸ್ವಭಾವ. ಹಳೆಯ ಕನ್ಸೋಲ್ ಆಟದ ಅರ್ಧ ಭಾಗ ಯಂತ್ರಕ್ಕೆ ಹಾಕುವ ಕ್ಯಾಸೆಟ್ಟಿನಲ್ಲಿತ್ತು, ಇನ್ನರ್ಧ ಯಂತ್ರದ ಅಭ್ಯಾಸಗಳಲ್ಲಿತ್ತು. ಪೋರ್ಟ್ ಮಾಡುವವರ ಕೈಗೆ ಸಿಗುವುದು ಮೊದಲ ಅರ್ಧ ಮಾತ್ರ. ಇನ್ನೊಂದು ಅರ್ಧವನ್ನು ಅವರು ಹುಡುಕಿಕೊಳ್ಳಬೇಕು.

ಆ ಅಭ್ಯಾಸಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ಕಾಲ.

ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವರಿಗೆ ಅದು ಯಾರ ಮೇಜಿನ ಮೇಲೆ ಎಷ್ಟು ವೇಗವಾಗಿ ಓಡೀತು ಎಂದು ಗೊತ್ತಿರುವುದಿಲ್ಲ. ಕನ್ಸೋಲಿನವರಿಗೆ ಗೊತ್ತಿತ್ತು. ಒಂದು ಮಾದರಿಯ ಲಕ್ಷಾಂತರ ಯಂತ್ರಗಳೆಲ್ಲ ಒಂದೇ ಅಚ್ಚು. ಟಿವಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ ಎಂದಾದರೆ ಅದೇ ಗಡಿಯಾರ, ಒಂದೊಂದು ಸಲ ಮೂಡುವ ಚಿತ್ರವೇ ಒಂದು ಫ್ರೇಮು. ಬೇರೆ ಗಡಿಯಾರ ಏಕೆ ಬೇಕು? ಮಾರಿಯೊ ಒಂದು ಫ್ರೇಮಿಗೆ ಇಷ್ಟು ದೂರ, ವೈರಿ ಇಷ್ಟು ಫ್ರೇಮಿಗೊಮ್ಮೆ ಒಂದು ಗುಂಡು, ಹಾಡು ಇಷ್ಟು ಫ್ರೇಮಿಗೊಂದು ಸ್ವರ. ಆಟದಲ್ಲಿ ಸೆಕೆಂಡು ಎಂಬ ಪದವೇ ಇಲ್ಲ, ಫ್ರೇಮು ಮಾತ್ರ ಇದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಕಿವಿಯಿಂದ ಕಲಿತೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ ಬಂದದ್ದು ನಿಂಟೆಂಡೊದ ಅಸಲಿ ಯಂತ್ರವಲ್ಲ, ಅದರ ನಕಲು. ನಾವು ಅದನ್ನು ‘ಟಿವಿ ಗೇಮ್’ ಅನ್ನುತ್ತಿದ್ದೆವು, ಅದಕ್ಕೆ ಹಾಕುವ ಹಳದಿ ಡಬ್ಬಿಯನ್ನು ‘ಕ್ಯಾಸೆಟ್’ ಅನ್ನುತ್ತಿದ್ದೆವು. ನಾನೂ ನನ್ನ ಅಕ್ಕನೂ ಒಂದು ಬೇಸಿಗೆ ರಜೆಯಿಡೀ ಅದರ ಮುಂದೆ ಕಳೆದೆವು. ಎಷ್ಟೋ ವರ್ಷಗಳ ಮೇಲೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಹೋದ್ಯೋಗಿಯೊಬ್ಬರ ಕಂಪ್ಯೂಟರಿನಲ್ಲಿ ಮೊದಲ ‘ಸೂಪರ್ ಮಾರಿಯೊ ಬ್ರದರ್ಸ್’ ಓಡುತ್ತಿರುವುದನ್ನು ಕಂಡೆ. 1985ರ ಆಟ. ಹಾಡು ಕೇಳಿದ ಕೂಡಲೇ ಇದೇಕೆ ಇಷ್ಟು ಅವಸರದಲ್ಲಿದೆ, ಪೋರ್ಟ್ ಮಾಡಿದವರು ವೇಗ ಕೆಡಿಸಿದ್ದಾರೆ ಎಂದುಕೊಂಡೆ. ತಪ್ಪು ನನ್ನದು. ಕೆಡಿಸಿದ್ದು ನಮ್ಮ ಟಿವಿ ಗೇಮು. ಜಪಾನ್ ಮತ್ತು ಅಮೆರಿಕದ ಟಿವಿ ಪದ್ಧತಿಯಲ್ಲಿ ಪರದೆ ಸೆಕೆಂಡಿಗೆ 60 ಸಲ ಮೂಡುತ್ತಿತ್ತು. ಭಾರತದ ಪಾಲ್ ಪದ್ಧತಿಯಲ್ಲಿ 50 ಸಲ. ಗಡಿಯಾರವೇ ಪರದೆಯಾದ್ದರಿಂದ ಇಡೀ ಆಟ, ಮಾರಿಯೊನ ನಡಿಗೆ, ಹಾರಾಟ, ಹಾಡು, ಆರರಲ್ಲಿ ಒಂದು ಪಾಲು ನಿಧಾನವಾಗಿತ್ತು. ಯುರೋಪಿನಲ್ಲೂ ಪಾಲ್ ಇದ್ದುದರಿಂದ ಅಲ್ಲಿನ ಎಷ್ಟೋ ಮಕ್ಕಳು ನಿಧಾನಗತಿಯ ಆಟಗಳನ್ನೇ ಆಡಿ ಬೆಳೆದರು. 2018ರಲ್ಲಿ ಸೋನಿ ಕಂಪನಿ ತನ್ನ ಮೊದಲ ಪ್ಲೇಸ್ಟೇಷನ್ನಿನ ಪುಟ್ಟ ರೂಪವನ್ನು ಹೊರತಂದಾಗ ಅದರಲ್ಲಿದ್ದ 20 ಆಟಗಳಲ್ಲಿ 9 ಆಟಗಳು ಪಾಲ್ ಆವೃತ್ತಿಗಳಾಗಿದ್ದವು. ಅಮೆರಿಕದ ಆಟಗಾರರು ಆಟ ತೆವಳುತ್ತಿದೆ ಎಂದು ದೂರಿದರು.

ಕಂಪ್ಯೂಟರಿಗೆ ತಂದಾಗ ತೊಂದರೆ ಎದುರು ದಿಕ್ಕಿನಿಂದ ಬರುತ್ತದೆ. ಅಲ್ಲಿ ಎಲ್ಲರಿಗೂ ಹೆಚ್ಚು ಫ್ರೇಮು ಬೇಕು. ಜಪಾನಿನ ಫ್ರಮ್ ಸಾಫ್ಟ್‌ವೇರ್ ಸಂಸ್ಥೆಯ ‘ಡಾರ್ಕ್ ಸೋಲ್ಸ್’ 2012ರಲ್ಲಿ ಕಂಪ್ಯೂಟರಿಗೆ ಬಂತು. ಒಳಗೆ ಅದು ಚಿತ್ರ ಬರೆಯುತ್ತಿದ್ದದ್ದು 1024×720 ಚುಕ್ಕೆಗಳಲ್ಲಿ. ಎಷ್ಟೇ ದೊಡ್ಡ ಮಾನಿಟರ್ ಇಟ್ಟರೂ ಅಷ್ಟೇ. ವೇಗ 30 ಫ್ರೇಮಿಗೆ ಕಟ್ಟುಬಿದ್ದಿತ್ತು. ಡ್ಯುರಾಂಟೆ ಎಂಬ ಹೆಸರಿನಲ್ಲಿ ಬರೆಯುವ ಪೀಟರ್ ಥೋಮನ್ ‘ಡಿಎಸ್‌ಫಿಕ್ಸ್’ ಎಂಬ ತಿದ್ದುಪಡಿಯನ್ನು ಆಟ ಬಿಡುಗಡೆಯಾದ ದಿನವೇ ಹೊರಗಿಟ್ಟು ಚಿತ್ರದ ಅಳತೆಯ ಕಟ್ಟನ್ನು ಬಿಚ್ಚಿದರು. ಮುಂದೆ ವೇಗದ ಕಟ್ಟೂ ಬಿಚ್ಚಿತು. ಬಿಚ್ಚಿದ ಮೇಲೆ ಗೊತ್ತಾದದ್ದು, ಆ ಕಟ್ಟು ಸುಮ್ಮನೆ ಹಾಕಿದ್ದಲ್ಲ ಎಂದು. 60 ಫ್ರೇಮಿನಲ್ಲಿ ಏಣಿಯಿಂದ ಜಾರಿ ಇಳಿದ ಯೋಧ ಕೆಲವೊಮ್ಮೆ ನೆಲದಲ್ಲಿ ನಿಲ್ಲದೆ ನೆಲವನ್ನೇ ತೂರಿ ಪಾತಾಳಕ್ಕೆ ಬೀಳುತ್ತಿದ್ದ.

ಅದರ ಮುಂದಿನ ಭಾಗ, 2014ರ ‘ಡಾರ್ಕ್ ಸೋಲ್ಸ್ 2’, ಇನ್ನೂ ಒಳ್ಳೆಯ ಪಾಠ. ಅದರಲ್ಲಿ ಕತ್ತಿ ಸವೆಯುತ್ತದೆ. ಬಿದ್ದ ಹೆಣಕ್ಕೋ ಬೇರೆ ವಸ್ತುವಿಗೋ ತಗುಲಿದರೂ ಸವೆಯುತ್ತದೆ. ತಗುಲಿದೆಯೇ ಎಂಬ ಲೆಕ್ಕ ಫ್ರೇಮಿಗೊಮ್ಮೆ. ಕನ್ಸೋಲಿನಲ್ಲಿ ಬೀಸಿದ ಕತ್ತಿ ಹೆಣವನ್ನು ದಾಟುವಷ್ಟರಲ್ಲಿ ಎಷ್ಟು ಸಲ ಲೆಕ್ಕ ಬೀಳುತ್ತಿತ್ತೋ ಕಂಪ್ಯೂಟರಿನ 60 ಫ್ರೇಮಿನಲ್ಲಿ ಅದರ ಎರಡರಷ್ಟು ಬೀಳುತ್ತಿತ್ತು. ಕತ್ತಿ ಎರಡು ಪಟ್ಟು ಬೇಗ ಮುರಿಯತೊಡಗಿತು. ಕಂಪ್ಯೂಟರ್ ಆಟಗಾರರು ಬಹಳ ದಿನ ಇದನ್ನು ಆಟದ ಕಾಠಿಣ್ಯವೆಂದೇ ನಂಬಿದ್ದರು. 2015ರಲ್ಲಷ್ಟೇ ಅದು ಸರಿಯಾಯಿತು.

ಎಲ್ಲವನ್ನೂ ಫ್ರೇಮಿನಿಂದ ಸೆಕೆಂಡಿಗೆ ಬದಲಾಯಿಸಿಬಿಟ್ಟರೆ ಆಯಿತಲ್ಲ ಎಂದು ಇಲ್ಲಿರುವ ವಿದ್ಯಾರ್ಥಿಗಳು ಯೋಚಿಸುತ್ತಿರಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಯೋಚಿಸಿದ್ದೆ. ಜಿಗಿತವನ್ನೇ ತೆಗೆದುಕೊಳ್ಳಿ. ಫ್ರೇಮಿಗೊಮ್ಮೆ ವೇಗದಿಂದ ಗುರುತ್ವದ ಪಾಲನ್ನು ಕಳೆದು, ಉಳಿದದ್ದನ್ನು ಎತ್ತರಕ್ಕೆ ಕೂಡಿಸುತ್ತಾರೆ. ಹೆಜ್ಜೆಗಳನ್ನು ಚಿಕ್ಕದು ಮಾಡಿ ಹೆಚ್ಚು ಹೆಜ್ಜೆ ಇಟ್ಟರೆ ಮೊತ್ತ ಬೇರೆ ಬರುತ್ತದೆ. ಜಿಗಿತದ ತುದಿ ಕೂದಲೆಳೆಯಷ್ಟು ಬದಲಾಗುತ್ತದೆ. ಆ ಕೂದಲೆಳೆಯ ಮೇಲೆ ಒಂದು ಅಂಚು ನಿಂತಿರುತ್ತದೆ. ಮೊದಲು ಮುಟ್ಟುತ್ತಿದ್ದ ಅಂಚು ಈಗ ಮುಟ್ಟುವುದಿಲ್ಲ. ಅದಕ್ಕೇ ಅನುಭವಿಗಳು ಆಟದ ಲೆಕ್ಕವನ್ನು ಹಳೆಯ 30ರ ತಾಳದಲ್ಲೇ ಬಿಡುತ್ತಾರೆ, ಚಿತ್ರವನ್ನು ಮಾತ್ರ ಎರಡು ಲೆಕ್ಕಗಳ ನಡುವಿನ ಜಾಗಗಳಲ್ಲಿ ಊಹಿಸಿ ತುಂಬುತ್ತಾರೆ. ಕಣ್ಣಿಗೆ ನಯ, ಒಳಗೆ ಹಳೆಯ ಆಟ. ಬೆರಳು ಒತ್ತಿದ್ದಕ್ಕೂ ಪರದೆ ಸ್ಪಂದಿಸಿದ್ದಕ್ಕೂ ನಡುವೆ ತುಸು ಅಂತರ ಹೆಚ್ಚುತ್ತದೆ. ಆ ಬೆಲೆ ತೆರಬಹುದು ಎಂದೇ ನನ್ನ ಅಭಿಪ್ರಾಯ.

ಚಿತ್ರದ ವಿಷಯಕ್ಕೆ ಬರೋಣ. ಹಳೆಯ ಆಟದ ಚಿತ್ರಕಾರರು ಬರೆದದ್ದು ಗಾಜಿನ ಕೊಳವೆಯ ಟಿವಿಗೆ. ಸೆಗಾ ಕಂಪನಿಯ 1991ರ ‘ಸೋನಿಕ್’ ಆಟದಲ್ಲಿ ಒಂದು ಜಲಪಾತವಿದೆ. ಆ ಆಟ ಓಡುತ್ತಿದ್ದ ಸೆಗಾ ಯಂತ್ರಕ್ಕೆ ಪಾರದರ್ಶಕ ಬಣ್ಣ ಬಳಿಯುವ ಶಕ್ತಿ ಸರಿಯಾಗಿ ಇರಲಿಲ್ಲ. ಅದಕ್ಕೆ ಚಿತ್ರಕಾರರು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂದು ಬಿಡಿಸಿದರು. ಟಿವಿಯ ತಂತಿಯಲ್ಲಿ ಸಿಗ್ನಲ್ಲು ಕಲಸಿಹೋಗಿ ಆ ಗೆರೆಗಳು ಒಂದಕ್ಕೊಂದು ಬೆರೆತು ಜಲಪಾತದ ಹಿಂದಿನ ಬಂಡೆ ನೀರಿನೊಳಗಿಂದ ಕಾಣುತ್ತಿತ್ತು. ಇವತ್ತಿನ ಮಾನಿಟರ್ ಚುಕ್ಕೆಗೆ ಚುಕ್ಕೆ ನಿಷ್ಠೆಯಿಂದ ತೋರಿಸುತ್ತದೆ. ಜಲಪಾತ ಕಿಟಕಿಯ ಸರಳುಗಳಾಗಿ ಕಾಣುತ್ತದೆ. ಯಂತ್ರ ಸತ್ಯ ಹೇಳಿತು, ಚಿತ್ರ ಸುಳ್ಳಾಯಿತು.

ಸೋನಿಯ ಮೊದಲ ಪ್ಲೇಸ್ಟೇಷನ್ನಿನದು ಇನ್ನೊಂದು ಬಗೆ. ಅದರ ಪ್ರೊಸೆಸರ್ ಸುಮಾರು 33.9 ಮೆಗಾಹರ್ಟ್ಸ್, ಮೆಮೊರಿ 2 ಮೆಗಾಬೈಟ್, ಚಿತ್ರಕ್ಕೆ ಪ್ರತ್ಯೇಕವಾಗಿ 1 ಮೆಗಾಬೈಟ್. ಮೂರು ಆಯಾಮದ ಆಕೃತಿಗಳ ಮೂಲೆಗಳನ್ನು ಅದು ಪೂರ್ಣಾಂಕದ ಚುಕ್ಕೆಗಳಲ್ಲೇ ಇಡಬಲ್ಲದು. ಎರಡು ಚುಕ್ಕೆಗಳ ನಡುವೆ ನಿಲ್ಲಿಸಲು ಬರುವುದಿಲ್ಲ. ಹಾಗಾಗಿ ಪಾತ್ರ ಮೆಲ್ಲಗೆ ತಿರುಗಿದರೆ ಅದರ ಅಂಚುಗಳು ನಡುಗುತ್ತಿದ್ದವು. ಯಾವ ಆಕೃತಿ ಮುಂದೆ, ಯಾವುದು ಹಿಂದೆ ಎಂದು ಚುಕ್ಕೆ ಚುಕ್ಕೆಗೂ ನೆನಪಿಡುವ ವ್ಯವಸ್ಥೆ ಅದರಲ್ಲಿಲ್ಲ. ಪ್ರೋಗ್ರಾಮೇ ದೂರದಿಂದ ಹತ್ತಿರಕ್ಕೆ ಸಾಲಾಗಿ ಜೋಡಿಸಿ ಒಂದರ ಮೇಲೊಂದು ಬಳಿಯಬೇಕು. ಇದನ್ನು ಕಂಪ್ಯೂಟರಿಗೆ ತಂದು ಆಧುನಿಕ ಗ್ರಾಫಿಕ್ಸ್ ಕಾರ್ಡಿನ ಆಳದ ಲೆಕ್ಕಕ್ಕೆ ಒಪ್ಪಿಸಿದರೆ, ಮೂಲದವರು ಬೇಕೆಂದೇ ಮೇಲೆ ಬಳಿದ ನೆರಳು, ಕಣ್ಣುಗುಡ್ಡೆ, ಗೋಡೆಯ ಮೇಲಿನ ರಕ್ತದ ಕಲೆ ಎಲ್ಲ ಗೋಡೆಯೊಳಗೆ ಹೂತುಹೋಗುತ್ತವೆ.

ಇದೇ ಸಂದರ್ಭದಲ್ಲಿ ಸೆಗಾ ಸ್ಯಾಟರ್ನ್ ಯಂತ್ರವನ್ನು ನೆನೆಯದೆ ಇರಲಾರೆ. ಜಗತ್ತೆಲ್ಲ ತ್ರಿಕೋನಗಳಲ್ಲಿ ಆಕೃತಿ ಕಟ್ಟುವ ಕಡೆಗೆ ಹೊರಟಾಗ ಅದು ಚತುರ್ಭುಜಗಳಲ್ಲಿ ಕಟ್ಟುತ್ತಿತ್ತು. 1995ರಲ್ಲಿ ಎನ್‌ವಿಡಿಯಾ ಕಂಪನಿಯ ಮೊಟ್ಟಮೊದಲ ಚಿಪ್ ಎನ್‌ವಿ1 ಕೂಡ ತ್ರಿಕೋನದ ದಾರಿ ಹಿಡಿಯಲಿಲ್ಲ. ಆ ಚಿಪ್ಪಿಗಾಗಿ ‘ಪ್ಯಾಂಜರ್ ಡ್ರಾಗೂನ್’ನಂಥ ಸೆಗಾ ಆಟಗಳು ಕಂಪ್ಯೂಟರಿಗೆ ಬಂದವು ಕೂಡ. ಆದರೆ ವಿಂಡೋಸ್ ಆಟಗಳು ಚಿತ್ರ ಬರೆಯಲು ಬಳಸುವ ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ ತ್ರಿಕೋನವನ್ನೇ ಆರಿಸಿಕೊಂಡಿತು. ಆ ದಾರಿ ಅಲ್ಲಿಗೇ ಮುಚ್ಚಿತು.

ನನ್ನನ್ನು ಬಹಳವಾಗಿ ಕಾಡಿದ ಉದಾಹರಣೆ ಮಂಜಿನದು. ಕೊನಾಮಿ ಕಂಪನಿಯ ‘ಸೈಲೆಂಟ್ ಹಿಲ್’ 1999ರ ಪ್ಲೇಸ್ಟೇಷನ್ ಆಟ. ಪಾಳುಬಿದ್ದ ಊರು, ಎದುರಿಗೆ ನಾಲ್ಕು ಹೆಜ್ಜೆ ಕಾಣದಷ್ಟು ಮಂಜು. ಆ ಮಂಜು ಯಂತ್ರದ ಬಡತನದಿಂದ ಹುಟ್ಟಿತು. ಇಡೀ ಬೀದಿಯನ್ನು ಒಟ್ಟಿಗೆ ಬಿಡಿಸುವ ಶಕ್ತಿ ಇಲ್ಲದ ಕಡೆ ದೂರವನ್ನು ಮಂಜಿನಿಂದ ಮುಚ್ಚಿದರು. ಆ ಮುಚ್ಚಿಗೆಯೇ ಆಟದ ಭಯವಾಯಿತು. ಎರಡನೆಯ ಭಾಗ 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದಾಗ ಆ ಯಂತ್ರಕ್ಕೆ ಶಕ್ತಿಯಿತ್ತು. ಆದರೂ ಮಂಜನ್ನು ಉಳಿಸಿಕೊಂಡು ಪದರ ಪದರವಾಗಿ ಚಲಿಸುವಂತೆ ಮಾಡಿದರು. ಪ್ಲೇಸ್ಟೇಷನ್ 2ರ ಚಿತ್ರದ ಚಿಪ್ಪಿನೊಳಗೇ 4 ಮೆಗಾಬೈಟ್ ಅತಿ ವೇಗದ ಮೆಮೊರಿ ಇತ್ತು. ಪರದೆಯ ಮೇಲೆ ಪರದೆ ಹತ್ತಾರು ಸಲ ಬಳಿದರೂ ಅದು ಸೋಲುತ್ತಿರಲಿಲ್ಲ. ಮಂಜು, ಮಸುಕು, ಫಿಲ್ಮಿನ ಕಾಳು ಇವೆಲ್ಲ ಆ ಒಂದು ಗುಣದ ಮಕ್ಕಳು. 2012ರಲ್ಲಿ ಈ ಆಟ ಆಗಿನ ಹೊಸ ಕನ್ಸೋಲುಗಳಿಗೆ ‘ಎಚ್‌ಡಿ’ ರೂಪದಲ್ಲಿ ಬಂದಾಗ ಮಂಜು ತೆಳುವಾಗಿತ್ತು. ಮಂಜಿನ ಆಚೆ ಊರು ಮುಗಿಯುವ ಅಂಚು, ಕೆರೆಯ ನೀರು ತಟ್ಟನೆ ನಿಂತುಹೋಗುವ ಗೆರೆ ಕಂಡವು. ಇದಕ್ಕೆ ಆ ತಂಡದ ಸೋಮಾರಿತನವನ್ನು ದೂರುವುದು ನ್ಯಾಯವಲ್ಲ. ಅವರ ಕೈಗೆ ಸಿಕ್ಕಿದ್ದು ಮಾರಾಟವಾದ ಆಟದ ಕೊನೆಯ ಮೂಲ ಕೋಡ್ ಅಲ್ಲ, ಅದಕ್ಕಿಂತ ಹಿಂದಿನ ಅಪೂರ್ಣ ಪ್ರತಿ. ಮೊದಲೇ ತಿದ್ದಿದ್ದ ದೋಷಗಳನ್ನು ಅವರು ಎರಡನೆಯ ಸಲ ತಿದ್ದಬೇಕಾಯಿತು. ಇತ್ತ ಅದೇ ಎರಡನೆಯ ಭಾಗದ ಹಳೆಯ ಕಂಪ್ಯೂಟರ್ ಆವೃತ್ತಿಯನ್ನು ಹಿಡಿದು ಅಭಿಮಾನಿಗಳ ಗುಂಪೊಂದು ವರ್ಷಗಟ್ಟಲೆ ಸಂಬಳವಿಲ್ಲದೆ ಕೆಲಸ ಮಾಡಿ, ಪ್ಲೇಸ್ಟೇಷನ್ 2ರ ಮಂಜನ್ನು ಮರಳಿ ತಂದಿತು.

ಮೂಲ ಕೋಡ್ ಕಳೆದುಹೋಗುವುದು ಎಂಬ ಮಾತು ಕೇಳಿದಾಗ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಅಷ್ಟು ದೊಡ್ಡ ಕಂಪನಿಗಳು, ಅಷ್ಟು ದುಡ್ಡು! ಆದರೆ ಆಗ ಆಟ ಎಂದರೆ ಒಂದು ಸೀಸನ್ನಿನ ಸರಕು. ಮಾರಿ ಮುಗಿದ ಮೇಲೆ ಅದರ ಕಡತಗಳನ್ನು ಯಾರು ಕಾಯುತ್ತಾರೆ? 2002ರ ‘ಕಿಂಗ್‌ಡಮ್ ಹಾರ್ಟ್ಸ್’ನ ಮೂಲ ಸಾಮಗ್ರಿ ಉಳಿದಿರಲಿಲ್ಲ. ಹತ್ತು ವರ್ಷ ಕಳೆದು ಅದನ್ನು ಎಚ್‌ಡಿಗೆ ತರುವಾಗ ಅಂಗಡಿಯಲ್ಲಿ ಮಾರಿದ ಆಟವನ್ನೇ ಬಗೆದು ನೋಡಿ ಎಷ್ಟನ್ನೋ ಹೊಸದಾಗಿ ಕಟ್ಟಿದರು. ನಮ್ಮ ದೇವಸ್ಥಾನದ ಕಲ್ಲಿನ ಮೇಲೆ ಒಂಬೈನೂರು ವರ್ಷದ ದಾನದ ಲೆಕ್ಕ ಉಳಿದಿದೆ. ಹತ್ತು ವರ್ಷದ ಹಿಂದಿನ ಡಿಸ್ಕು ಉಳಿಯಲಿಲ್ಲ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಮೂಲ ಇಲ್ಲದಾಗ ಏನು ಮಾಡಬೇಕು? ಇಲ್ಲಿ ಮತ್ತೆ ಸೂಪರ್ ಮಾರಿಯೊ 64ಕ್ಕೆ ಮರಳುತ್ತೇನೆ, ಏಕೆಂದರೆ ನಮ್ಮ ಕಾಲದ ಒಂದು ಅಪರೂಪದ ಪರಿಶ್ರಮ ನಡೆದದ್ದು ಆ ಆಟದ ಮೇಲೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಬೇರೆ ಬೇರೆ ಊರುಗಳಲ್ಲಿ ಬೀಳಲಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಬಿಚ್ಚಿ ತಂದು ಅಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಮನೆ ಕಟ್ಟಿದ ಮೇಸ್ತ್ರಿ ಬದುಕಿಲ್ಲ, ಅವನ ನಕ್ಷೆಯೂ ಇಲ್ಲ. ಯಾವ ಕೀಲು ಎಲ್ಲಿ ಕೂರುತ್ತದೆ ಎಂದು ಮನೆಯನ್ನೇ ಕೇಳಿ ತಿಳಿಯಬೇಕು. ಮಾರಿಯೊ ಆಟದ ಮೇಲೆ ನಡೆದದ್ದೂ ಇಂಥದೇ ಕೆಲಸ. ಕ್ಯಾಸೆಟ್ಟಿನಲ್ಲಿ ಇರುವುದು ಪ್ರೊಸೆಸರಿಗೆ ಮಾತ್ರ ಅರ್ಥವಾಗುವ ಅಂಕಿಗಳು, 8 ಮೆಗಾಬೈಟ್. ಆ ಅಂಕಿಗಳನ್ನು ಓದಿ, ಅವು ಯಾವ ಸಿ ಭಾಷೆಯ ಸಾಲಿನಿಂದ ಹುಟ್ಟಿರಬಹುದು ಎಂದು ಊಹಿಸಿ ಬರೆಯುವುದು. ಬರೆದದ್ದನ್ನು ಯಂತ್ರದ ಅಂಕಿಗಳಿಗೆ ತಿರುಗಿಸುವ ಆ ಕಾಲದ ಸಿಲಿಕಾನ್ ಗ್ರಾಫಿಕ್ಸ್ ಕಂಪೈಲರಿಗೆ ಕೊಡುವುದು. ಹೊರಬಂದ ಅಂಕಿಗಳು ಕ್ಯಾಸೆಟ್ಟಿನ ಅಂಕಿಗಳಿಗೆ ಬೈಟಿಗೆ ಬೈಟು ಸರಿಹೊಂದುತ್ತವೆಯೇ ನೋಡುವುದು. ಹೊಂದದಿದ್ದರೆ ಮತ್ತೆ ಬರೆಯುವುದು. ಈ ಕೆಲಸಕ್ಕೆ ಇಳಿದವರಿಗೆ ಒಂದು ಅದೃಷ್ಟವಿತ್ತು. ಕಂಪೈಲರಿಗೆ ಕೋಡನ್ನು ಹಿಂಡಿ ಬಿಗಿ ಮಾಡು ಎಂದು ಹೇಳುವ ರೂಢಿ ಇದೆ. ಈ ಆಟದ ಜಪಾನ್ ಮತ್ತು ಅಮೆರಿಕದ ಮೊದಲ ಆವೃತ್ತಿಗಳಲ್ಲಿ ಹಾಗೆ ಹೇಳಿರಲಿಲ್ಲ. ಬರೆದವರ ಒಂದೊಂದು ಸಾಲಿನ ಜಾಡೂ ಅಂಕಿಗಳಲ್ಲಿ ಹಾಗೇ ಉಳಿದಿತ್ತು. 2019ರಲ್ಲಿ ಈ ಕೆಲಸ ಬಯಲಿಗೆ ಬಂತು. 2020ರ ಮೇ ತಿಂಗಳಲ್ಲಿ ಎಮ್ಯುಲೇಟರಿನ ಹಂಗಿಲ್ಲದೆ ವಿಂಡೋಸ್ ಕಂಪ್ಯೂಟರಿನಲ್ಲಿ ನೇರವಾಗಿ ಓಡುವ ಮಾರಿಯೊ ಕಾಣಿಸಿಕೊಂಡಿತು.

ಸಿ ಭಾಷೆಯ ಕೋಡ್ ಕೈಗೆ ಬಂದಮೇಲೆ ಪೋರ್ಟ್ ಸಲೀಸು ಎಂದು ತೋರಬಹುದು. ಅಲ್ಲಿಂದಲೇ ಅಸಲಿ ತೊಡಕುಗಳು ಶುರು.

ಮೊದಲನೆಯದು ಸಂಖ್ಯೆ ಬರೆಯುವ ದಿಕ್ಕು. ನಿಂಟೆಂಡೊ 64 ಒಂದು ದೊಡ್ಡ ಸಂಖ್ಯೆಯನ್ನು ಮೆಮೊರಿಯಲ್ಲಿ ದೊಡ್ಡ ಸ್ಥಾನದಿಂದ ಶುರುಮಾಡಿ ಇಡುತ್ತದೆ. ನಮ್ಮ ಮೇಜಿನ ಕಂಪ್ಯೂಟರ್ ಸಣ್ಣ ಸ್ಥಾನದಿಂದ. ಶಾಸನಗಳ ಪರಿಚಯ ಇರುವವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಭೂತಸಂಖ್ಯೆಯಲ್ಲಿ ವರ್ಷ ಹೇಳುವಾಗ ಬಿಡಿಸ್ಥಾನದ ಪದ ಮೊದಲು ಬರುತ್ತದೆ. ‘ರಸ, ಗುಣ’ ಎಂದರೆ ರಸ ಆರು, ಗುಣ ಮೂರು; ಓದಬೇಕಾದದ್ದು 36. ಕ್ರಮ ಅರಿಯದವರು 63 ಎಂದು ಓದಿ ರಾಜನನ್ನು ಇಪ್ಪತ್ತೇಳು ವರ್ಷ ಮುಂದಕ್ಕೆ ತಳ್ಳುತ್ತಾರೆ. ಆಟದ ಕಡತಗಳಲ್ಲಿ ಇಂಥ ಸಂಖ್ಯೆಗಳು ಲೆಕ್ಕವಿಲ್ಲದಷ್ಟು. ಎಲ್ಲವನ್ನೂ ಸುಮ್ಮನೆ ತಿರುಗಿಸಿಬಿಡೋಣ ಎಂದರೂ ಆಗದು. ಯಾವುದು ಒಂದು ಬೈಟಿನದು, ಯಾವುದು ಎರಡರದು, ಯಾವುದು ನಾಲ್ಕರದು ಎಂದು ಗೊತ್ತಿದ್ದರೆ ಮಾತ್ರ ತಿರುಗಿಸಲು ಸಾಧ್ಯ.

ಇನ್ನು ವಿಳಾಸಗಳು. ಆ ಯಂತ್ರದ ಮೆಮೊರಿ 4 ಮೆಗಾಬೈಟ್. ಒಂದು ವಿಳಾಸ 32 ಬಿಟ್ಟಿನಲ್ಲಿ ಧಾರಾಳವಾಗಿ ಹಿಡಿಸುತ್ತಿತ್ತು. ಚಿತ್ರ ಬರೆಯುವ ಚಿಪ್ಪಿಗೆ ಆಟ ಕೊಡುವ ಒಂದೊಂದು ಆದೇಶವೂ 64 ಬಿಟ್ಟು: ಅರ್ಧದಲ್ಲಿ ಏನು ಮಾಡಬೇಕು, ಇನ್ನರ್ಧದಲ್ಲಿ ಬಹಳ ಸಲ ಯಾವ ವಿಳಾಸದಿಂದ ತರಬೇಕು. ಇವತ್ತಿನ ಕಂಪ್ಯೂಟರಿನಲ್ಲಿ ವಿಳಾಸವೊಂದೇ 64 ಬಿಟ್ಟು. ಅಂಚೆ ಕಾರ್ಡಿನ ವಿಳಾಸದ ಜಾಗ ಸಾಲದಾಯಿತು. ಕಾರ್ಡನ್ನೇ ಎರಡರಷ್ಟು ದೊಡ್ಡದು ಮಾಡಬೇಕಾಯಿತು. ಕಾರ್ಡು ದೊಡ್ಡದಾದರೆ ಕಾರ್ಡಿನ ಪೆಟ್ಟಿಗೆಯೂ ದೊಡ್ಡದಾಗಬೇಕು. ಹೀಗೆ ಒಂದನ್ನು ಹಿಗ್ಗಿಸಿದರೆ ಇನ್ನೊಂದು ಬಿರಿಯುತ್ತಿತ್ತು.

ಆ ಆದೇಶಗಳನ್ನು ಓದುವ ಚಿಪ್ಪೇ ಕಂಪ್ಯೂಟರಿನಲ್ಲಿ ಇಲ್ಲವಲ್ಲ! ಅವನ್ನು ಓದಿ ಇವತ್ತಿನ ಗ್ರಾಫಿಕ್ಸ್ ಕಾರ್ಡಿನ ಮಾತಿಗೆ ತಿರುಗಿಸುವ ಒಂದು ದುಭಾಷಿಯನ್ನು ಬರೆದರು. ನಿಂಟೆಂಡೊ 64 ಬಣ್ಣಗಳನ್ನು ಬೆರೆಸುವ ಸೂತ್ರಕ್ಕೆ ಹಲವು ಆಯ್ಕೆಗಳಿವೆ. ಆಟ ಬಳಸುವ ಒಂದೊಂದು ಸೂತ್ರಕ್ಕೂ ಒಂದೊಂದು ಪುಟ್ಟ ಪ್ರೋಗ್ರಾಮನ್ನು ಓಡುತ್ತಲೇ ತಯಾರಿಸುತ್ತದೆ ಈ ದುಭಾಷಿ. ಆಕೃತಿಗಳಿಗೆ ಬಟ್ಟೆಯಂತೆ ಹೊದಿಸುವ ಚಿತ್ರವನ್ನು ದೊಡ್ಡದು ಮಾಡಿ ನಯಗೊಳಿಸುವಾಗ ಇವತ್ತಿನ ಗ್ರಾಫಿಕ್ಸ್ ಕಾರ್ಡುಗಳು ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಚುಕ್ಕೆಗಳನ್ನು ನೋಡುತ್ತವೆ. ನಿಂಟೆಂಡೊ 64 ಮೂರನ್ನೇ ನೋಡುತ್ತಿತ್ತು. ಆ ಆಟಗಳ ಹುಲ್ಲು, ಇಟ್ಟಿಗೆಗಳಿಗೆ ಓರೆಯಾದ ಒಂದು ವಿಶಿಷ್ಟ ಮಸುಕಿದೆ. ಅದು ಬಂದದ್ದು ಈ ಮೂರರಿಂದ. ಪೋರ್ಟ್ ಮಾಡಿದವರು ಅದನ್ನೂ ಬಿಡಲಿಲ್ಲ, ಮೂರು ಚುಕ್ಕೆಯ ಲೆಕ್ಕವನ್ನೇ ಮರಳಿ ಬರೆದರು. ಇಂಥ ಕಡೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಉತ್ತರ ಹೇಳಲು ಮರೆತ ಫಂಕ್ಷನ್ನುಗಳು. ಲೆಕ್ಕ ಮಾಡಿ ಉತ್ತರ ಕೊಡಬೇಕಾದ ಕೆಲವು ಫಂಕ್ಷನ್ನುಗಳ ಕೊನೆಯಲ್ಲಿ ಉತ್ತರ ಕೊಡುವ ಸಾಲೇ ಇರಲಿಲ್ಲ, ಬರೆದವರು ಬಿಟ್ಟಿದ್ದರು. ಆದರೂ 1996ರಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಏಕೆಂದರೆ ಉತ್ತರ ಇಡಬೇಕಾದ ರೆಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರಿನ ಪುಟ್ಟ ಖಾನೆಯಲ್ಲಿ, ಅದಕ್ಕಿಂತ ಮುಂಚಿನ ಲೆಕ್ಕದ ಬೆಲೆ ಉಳಿದಿರುತ್ತಿತ್ತು, ಅದೇ ಸರಿಯಾದ ಉತ್ತರವೂ ಆಗಿರುತ್ತಿತ್ತು. ಕಂಪ್ಯೂಟರಿನ ಹೊಸ ಕಂಪೈಲರಿಗೆ ಈ ದಾಕ್ಷಿಣ್ಯವಿಲ್ಲ. ಉತ್ತರ ಕೊಟ್ಟಿಲ್ಲ ಎಂದರೆ ಏನು ಬೇಕಾದರೂ ಆಗಬಹುದು. ಇಂಥ ಕಡೆಗಳನ್ನು ಹುಡುಕಿ, ಮೂಲಕ್ಕೆ ಬೈಟಿಗೆ ಬೈಟು ಹೊಂದುವ ಪ್ರತಿಯನ್ನೂ ಉಳಿಸಿಕೊಂಡು, ಬೇರೆ ಯಂತ್ರಗಳಿಗೆ ಮಾತ್ರ ತಿದ್ದಿದ ಸಾಲನ್ನು ಗುರುತು ಹಾಕಿ ಸೇರಿಸಿದ್ದಾರೆ. ಹಳೆಯ ತಾಳೆಗರಿಯನ್ನು ಸಂಪಾದಿಸುವ ವಿದ್ವಾಂಸರು ಮೂಲಪಾಠವನ್ನು ಹಾಗೇ ಇಟ್ಟು ತಮ್ಮ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಶಿಸ್ತು ಇದು. ಸಾಫ್ಟ್‌ವೇರ್ ಜಗತ್ತಿನಲ್ಲಿ ನಾನು ಅದನ್ನು ಇಷ್ಟು ಶುದ್ಧವಾಗಿ ಬೇರೆಡೆ ಕಂಡಿಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಆಟದ ಚಿತ್ರ, ಹಾಡು, ಪಾತ್ರ ನಿಂಟೆಂಡೊದ ಸ್ವತ್ತು. ಮಾರಿಯೊನ ತಯಾರಾದ ಪೋರ್ಟ್ ಹರಿದಾಡಿದ ಕೂಡಲೇ ಕಂಪನಿ ಅದನ್ನು ತೆಗೆಸಲು ಮುಂದಾಯಿತು. ನಂತರದ ಇಂಥ ಯೋಜನೆಗಳು ಆಟದ ಸಾಮಗ್ರಿಯನ್ನು ಹಂಚುವುದಿಲ್ಲ. ನಿಮ್ಮ ಬಳಿ ಇರುವ ಆಟದ ಪ್ರತಿಯಿಂದ ನೀವೇ ತೆಗೆದುಕೊಳ್ಳಿ ಅನ್ನುತ್ತವೆ. 2022ರಲ್ಲಿ ‘ಜೆಲ್ಡಾ: ಒಕರಿನಾ ಆಫ್ ಟೈಮ್’ ಕಂಪ್ಯೂಟರಿಗೆ ಬಂದದ್ದು ಹಾಗೆ. 2024ರಲ್ಲಿ ಇನ್ನೊಂದು ದಾರಿ ತೆರೆಯಿತು: ಮನುಷ್ಯರು ಕೂತು ಓದುವ ಬದಲು, ಹಳೆಯ ಪ್ರೊಸೆಸರಿನ ಆದೇಶಗಳನ್ನು ಒಂದು ಸಾಧನವೇ ಸಾಲು ಸಾಲಾಗಿ ಸಿ ಭಾಷೆಗೆ ತಿರುಗಿಸುತ್ತದೆ. ಬೇಗ ಆಗುತ್ತದೆ, ಆದರೆ ಹುಟ್ಟುವ ಕೋಡನ್ನು ಮನುಷ್ಯರು ಓದಿ ಕಲಿಯಲಾರರು. ವಿದ್ಯಾರ್ಥಿಗಳಿಗೆ ನಾನು ಈಗಲೂ ಕೈಯಿಂದ ಬಿಡಿಸಿದ ಮಾರಿಯೊನನ್ನೇ ಓದಲು ಕೊಡುತ್ತೇನೆ.

ಕೈಗೆ ಹಿಡಿಯುವ ಸಾಧನದ ತೊಡಕನ್ನೂ ಮರೆಯುವಂತಿಲ್ಲ. ಪ್ಲೇಸ್ಟೇಷನ್ 2ರ ಬಟನ್ನುಗಳು ಎಷ್ಟು ಗಟ್ಟಿಯಾಗಿ ಒತ್ತಿದ್ದೀರಿ ಎಂಬುದನ್ನು ಅರಿಯುತ್ತಿದ್ದವು. ‘ಮೆಟಲ್ ಗೇರ್ ಸಾಲಿಡ್ 2’ರಲ್ಲಿ ಬಂದೂಕು ಎತ್ತಿ ಗುರಿಯಿಟ್ಟು, ಬಟನ್ನನ್ನು ಮೆಲ್ಲಗೆ ಸಡಿಲಿಸಿದರೆ ಗುಂಡು ಹಾರದೆ ಬಂದೂಕು ಕೆಳಗಿಳಿಯುತ್ತದೆ, ಫಟ್ಟನೆ ಬಿಟ್ಟರೆ ಹಾರುತ್ತದೆ. ಕೊಲ್ಲಲೋ ಬೇಡವೋ ಎಂಬ ತೀರ್ಮಾನ ಬೆರಳ ತುದಿಯ ಒತ್ತಡದಲ್ಲಿತ್ತು. ಕೀಬೋರ್ಡಿನ ಕೀಲಿಗೆ ಒತ್ತಿದೆ, ಒತ್ತಿಲ್ಲ ಎಂಬ ಎರಡೇ ಸ್ಥಿತಿ. ಅದೇ ‘ಮೆಟಲ್ ಗೇರ್ ಸಾಲಿಡ್’ ಆಟದ ಹಿಂದಿನ ಭಾಗದಲ್ಲಿ, 1998ರಲ್ಲಿ, ಮನಸ್ಸು ಓದುವ ಸೈಕೊ ಮ್ಯಾಂಟಿಸ್ ಎಂಬ ವೈರಿ ನಿಮ್ಮ ಮೆಮೊರಿ ಕಾರ್ಡ್ ಓದಿ ನೀವು ಯಾವ ಯಾವ ಆಟ ಆಡಿದ್ದೀರಿ ಎಂದು ಹೇಳಿಬಿಡುತ್ತಾನೆ. ಅವನನ್ನು ಸೋಲಿಸಲು ಕಂಟ್ರೋಲರನ್ನು ಕಿತ್ತು ಎರಡನೆಯ ಕಿಂಡಿಗೆ ಚುಚ್ಚಬೇಕು. ಕಂಪ್ಯೂಟರಿನಲ್ಲಿ ಆ ಕಾರ್ಡೂ ಇಲ್ಲ, ಆ ಎರಡು ಕಿಂಡಿಗಳೂ ಇಲ್ಲ. ಇದನ್ನು ಯಾವ ಭಾಷೆಯ ಕೋಡಿಗೆ ಅನುವಾದಿಸುತ್ತೀರಿ?

ಮೂಲಕ್ಕೆ ನಿಷ್ಠವಾಗಿರಬೇಕು ಎಂದು ನಾನು ಇಷ್ಟು ಹೊತ್ತು ಹೇಳಿದೆ. ಮೂಲ ಯಾವುದು ಎಂಬ ಪ್ರಶ್ನೆ ನನ್ನ ಮನೆಯಲ್ಲೇ ಎದ್ದಿತು. ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿನ ಕೆಲಸಕ್ಕೆ ಮನೆಗೆ ಬಂದಿದ್ದಳು. ಟಿವಿ ಗೇಮಿನ ವೇಗದ ಕಥೆ ಹೇಳಿದೆ. ಅವಳು ತನ್ನ ಲ್ಯಾಪ್‌ಟಾಪಿನಲ್ಲಿದ್ದ ಎಮ್ಯುಲೇಟರ್ ತೆರೆದು ಅದೇ ಮಾರಿಯೊ ಆಟವನ್ನು ಓಡಿಸಿ, ‘ಸರ್, ಇದರಲ್ಲಿ ನಕಲು ಯಂತ್ರದ ಆಯ್ಕೆಯೂ ಇದೆ’ ಎಂದಳು. ರಷ್ಯಾದಲ್ಲಿ ಮಾರುತ್ತಿದ್ದ ‘ಡೆಂಡಿ’ ಎಂಬ ನಕಲಿನ ಹೆಸರಿನಲ್ಲಿ 50 ಫ್ರೇಮಿನ ಲೆಕ್ಕವನ್ನು ಯಾರೋ ಅಳೆದು, ಬರೆದು ಸೇರಿಸಿದ್ದಾರೆ. ಅವಳು ಅದನ್ನು ಆರಿಸಿದಳು. ಹಾಡು ನಿಧಾನವಾಯಿತು.

ರಜೆಗೆಂದು ಬಂದಿದ್ದ ಅಕ್ಕ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಆ ಮೊದಲು ಎರಡು ಸಲ ಸರಿಯಾದ ವೇಗದ ಹಾಡು ಕೇಳಿದರೂ ತಲೆಯೆತ್ತಿರಲಿಲ್ಲ. ಈಗ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನನ್ನ ಪಕ್ಕ ಕೂತಳು. ‘ಇದು ನಮ್ಮದಲ್ವೇನೋ?’ ಎಂದಳು. ನಾನು ಜಾಯ್‌ಸ್ಟಿಕ್ ಅವಳ ಕೈಗೆ ಕೊಟ್ಟೆ. ಮೊದಲ ಗುಂಡಿಯನ್ನು ಅವಳು ಸರಿಯಾದ ಕ್ಷಣಕ್ಕೆ ಹಾರಿ ದಾಟಿದಳು.